ಹಾರುವವರು ಬಹಳ, ಉಳಿಸುವವರು ಕಮ್ಮಿ: ಈಚಿನ ಸೂಪರ್‌ಹೀರೋ, ಸಾಹಸ ಸಿನಿಮಾಗಳಲ್ಲಿ ಯಾವುದು ನೋಡಬೇಕು, ಯಾವುದು ಬಿಡಬೇಕು

ಸೂಪರ್‌ಹೀರೋ ಸಿನಿಮಾಗಳೆಲ್ಲ ಒಂದೇ ತರ ಅನ್ನುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕೊನೆಯ ಅರ್ಧ ಗಂಟೆ ಒಂದೇ ತರ, ಅದು ನಿಜ. ಕಟ್ಟಡ ಉರುಳುತ್ತದೆ, ಆಕಾಶ ಬಿರಿಯುತ್ತದೆ, ಇಬ್ಬರು ಗಾಳಿಯಲ್ಲಿ ಗುದ್ದಾಡುತ್ತಾರೆ, ಕೆಳಗೆ ಕಾರುಗಳು ಪುಡಿಪುಡಿ. ಆದರೆ ಅದಕ್ಕೂ ಮುಂಚಿನ ಒಂದೂವರೆ ಎರಡು ಗಂಟೆ ಇರುತ್ತದಲ್ಲ, ಅಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ದುಡ್ಡು ಹಾಕುವುದೋ ಬಿಡುವುದೋ ಅನ್ನುವುದು ಅಲ್ಲೇ ಗೊತ್ತಾಗಬೇಕು.

ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ಸಿನಿಮಾ ಮುಗಿದ ಮೇಲೆ, ಹೀರೋ ಉಳಿಸಿದ ಒಬ್ಬರ ಮುಖವಾದರೂ ನೆನಪಿದೆಯಾ? "ಇಡೀ ಜಗತ್ತನ್ನೇ ಉಳಿಸಿದ" ಅಂದರೆ ನಾನು ಒಪ್ಪಲ್ಲ. ಜಗತ್ತಿಗೆ ಮುಖ ಎಲ್ಲಿದೆ? ಒಬ್ಬ ಅಂಗಡಿಯವ, ಒಂದು ಮಗು, ಹೋಗಲಿ ಒಂದು ನಾಯಿ, ಯಾರಾದರೂ ಸರಿ. ಹಾಗೆ ಯಾರೂ ನೆನಪಿಗೆ ಬರದಿದ್ದರೆ ಗ್ರಾಫಿಕ್ಸ್ ಎಷ್ಟೇ ಚೆಂದ ಇರಲಿ, ಆ ಸಿನಿಮಾ ನನ್ನ ಪಟ್ಟಿಯಲ್ಲಿ ಕೆಳಗೆ. ನಿಮ್ಮ ಅಳತೆ ಬೇರೆ ಇದ್ದರೆ ಜಗಳಕ್ಕೆ ಬನ್ನಿ, ಬೇಡ ಅನ್ನಲ್ಲ. ಯಾವುದರ ಕ್ಲೈಮ್ಯಾಕ್ಸ್ ಕೂಡ ಪೂರ್ತಿ ಬಿಚ್ಚಿಲ್ಲ, ಆದರೆ ಅಲ್ಲಲ್ಲಿ ಕತೆಯ ಮಾತು ಬಂದೇ ಬರುತ್ತದೆ.

ಬಿಸಿಲಿನಿಂದ ಬಲ ಬರುವ ಇಬ್ಬರು

2025ರ ಜುಲೈ 11ಕ್ಕೆ ಬಂದ ಜೇಮ್ಸ್ ಗನ್ ಅವರ 'ಸೂಪರ್‌ಮ್ಯಾನ್' ಒಂದು ಕಡೆ. 2024ರ ಸಂಕ್ರಾಂತಿಗೆ ಬಂದ ಪ್ರಶಾಂತ್ ವರ್ಮಾ ಅವರ ತೆಲುಗಿನ 'ಹನು-ಮಾನ್' ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಇಟ್ಟಿದ್ದಕ್ಕೆ ಕಾರಣ ಇದೆ. ಇಬ್ಬರಿಗೂ ಬಲ ಬರುವುದು ಸೂರ್ಯನಿಂದ. ಸೂಪರ್‌ಮ್ಯಾನ್ ಪೆಟ್ಟು ತಿಂದು ಬಂದರೆ ಅವನ ಕೋಟೆಯ ರೋಬೋಟ್‌ಗಳು ಸೂರ್ಯನ ಬೆಳಕನ್ನು ಅವನ ಮೈಮೇಲೆ ಹಾಯಿಸಿ ಗುಣ ಮಾಡುತ್ತವೆ. ಹನುಮಂತುವಿಗೆ ನೀರಿನಡಿ ಸಿಕ್ಕ ಮಣಿ ಬಿಸಿಲಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಹೊತ್ತು ಮುಳುಗಿತೋ ಅವನು ಮತ್ತೆ ಊರಿನ ಸಾದಾ ಹುಡುಗ. ಬಿಸಿಲೇ ಬಲ ಆಗುವುದಿದ್ದರೆ, ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ ಮನೆಗೊಬ್ಬ ಸೂಪರ್‌ಮ್ಯಾನ್ ಇರಬೇಕಿತ್ತು. ಇಲ್ಲಿ ಎಲ್ಲ ಉಲ್ಟಾ. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್‌ಗೆ ಹೋಗಿ ಬಂದವರು ಸಂಜೆತನಕ ಮೇಲೇಳಲ್ಲ.

'ಸೂಪರ್‌ಮ್ಯಾನ್' ನನಗೆ ಹಿಡಿಸಿದ್ದು ಅದರ ಮೊದಲ ಐದು ನಿಮಿಷಕ್ಕೇ. ಹುಟ್ಟಿದ ಕತೆ, ಗ್ರಹ ಒಡೆದ ಕತೆ, ಹೊಲದಲ್ಲಿ ಬಿದ್ದ ಕತೆ ಯಾವುದೂ ಇಲ್ಲ. ಹೀರೋ ಸೋತು, ಮೂಳೆ ಮುರಿದುಕೊಂಡು, ಅಂಟಾರ್ಕ್ಟಿಕಾದ ಹಿಮದಲ್ಲಿ ಬಂದು ಬೀಳುತ್ತಾನೆ. ಉಸಿರಾಡಲು ಕಷ್ಟಪಡುತ್ತಾ ಒಂದು ಸಿಳ್ಳೆ ಹಾಕುತ್ತಾನೆ. ದೂರದಿಂದ ಹಿಮ ಚಿಮ್ಮಿಸುತ್ತಾ ಏನೋ ಬರುತ್ತದೆ. ಬಂದದ್ದು ಕ್ರಿಪ್ಟೋ ಅನ್ನುವ ನಾಯಿ. ಅದು ಸಹಾಯ ಮಾಡುವುದು ಬಿಟ್ಟು ಅವನ ಮುರಿದ ಮೈಮೇಲೇ ಹತ್ತಿ ಕುಣಿಯುತ್ತದೆ. "ಮನೆಗೆ ಕರೆದುಕೊಂಡು ಹೋಗು" ಅಂತ ಅವನು ಗೋಗರೆದ ಮೇಲೆ ಅವನ ಕೇಪ್ ಕಚ್ಚಿಕೊಂಡು ಎಳೆದೊಯ್ಯುತ್ತದೆ. ಥಿಯೇಟರ್‌ನಲ್ಲಿ ನನ್ನ ಪಕ್ಕ ಕೂತಿದ್ದ ಅಣ್ಣನ ಮಗ ಅಲ್ಲಿಂದ ಮುಂದೆ ಇಡೀ ಸಿನಿಮಾ ಕೇಳಿದ್ದು ಒಂದೇ ಪ್ರಶ್ನೆ: "ಕಾಕಾ, ನಾಯಿಗಿ ಏನೂ ಆಗಂಗಿಲ್ಲಲ್ಲ?" ಸೂಪರ್‌ಮ್ಯಾನ್‌ಗೆ ಏನಾದರೂ ಆಗಲಿ ಬಿಡಲಿ, ಅವನಿಗೆ ಚಿಂತೆ ಇರಲಿಲ್ಲ.

ಇನ್ನು ನನ್ನ ಅಳತೆಗೆ ಬರೋಣ. ಊರಿನ ನಡುವೆ ರಾಕ್ಷಸ ಗಾತ್ರದ ಪ್ರಾಣಿಯೊಂದು ಬಂದು ತುಳಿಯುತ್ತಿರುವಾಗ ಸೂಪರ್‌ಮ್ಯಾನ್ ಒಂದು ಅಳಿಲನ್ನು ಎತ್ತಿ ಪಕ್ಕಕ್ಕೆ ಇಡುತ್ತಾನೆ. ಅಳಿಲು! ಕೆಲವರು ಇದನ್ನು ನೋಡಿ ನಕ್ಕರು, ಅತಿಯಾಯಿತು ಅಂದರು. ನನಗೆ ಇಡೀ ಸಿನಿಮಾದ ಜೀವ ಅಲ್ಲೇ ಇದೆ ಅನ್ನಿಸಿತು. ಬೀದಿಯಲ್ಲಿ ಫಲಾಫೆಲ್ ಅನ್ನುವ ಕಡಲೆ ವಡೆ ಮಾರುವ ಮಾಲಿ ಅನ್ನುವವನೊಬ್ಬ ಇದ್ದಾನೆ. ಗುಂಡಿಯಲ್ಲಿ ಬಿದ್ದ ಸೂಪರ್‌ಮ್ಯಾನ್‌ಗೆ ಕೈಕೊಟ್ಟು ಏಳಿಸುವವನು ಅವನು. ಪರದೆಯ ಮೇಲೆ ಇರುವುದು ಸ್ವಲ್ಪ ಹೊತ್ತು, ಆದರೆ ಅವನ ಮುಖ ಮರೆಯಲ್ಲ. ಯಾಕೆ ಅನ್ನುವುದನ್ನು ಸಿನಿಮಾದಲ್ಲೇ ನೋಡಿ. ಲೋಯಿಸ್ ಅನ್ನುವ ಪತ್ರಕರ್ತೆ ತಾನು ಪ್ರೀತಿಸುವ ಸೂಪರ್‌ಮ್ಯಾನ್‌ನನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುವ ದೃಶ್ಯ ಇದೆ. ಗುದ್ದಾಟ ಇಲ್ಲ, ಹಾರಾಟ ಇಲ್ಲ, ಬರೀ ಮಾತು. ಅದರ ಮುಂದೆ ಕೊನೆಯ ಫೈಟು ಸಪ್ಪೆ.

ಬೈಯುವುದಕ್ಕೂ ಇದೆ. ಜನ ಜಾಸ್ತಿ. ಇನ್ನೂ ಮೂರು ನಾಲ್ಕು ಹೀರೋಗಳು, ಎರಡು ದೇಶಗಳ ಯುದ್ಧ, ಅದರ ಮೇಲೆ ಇನ್ನೊಂದು ಪುಟ್ಟ ವಿಶ್ವ, 129 ನಿಮಿಷಕ್ಕೆ ಇಷ್ಟೆಲ್ಲ ತುರುಕಬೇಕಿತ್ತಾ? ನಮ್ಮ ಸೆನ್ಸಾರ್ ಮಂಡಳಿಯವರದ್ದು ಇನ್ನೊಂದು ತಮಾಷೆ. ಗಾಳಿಯಲ್ಲಿ ತೇಲುತ್ತಾ ಮುತ್ತು ಕೊಡುವ 33 ಸೆಕೆಂಡು ಕತ್ತರಿಸಿದರು. ಎದುರಿಗಿರುವವನ ಹಣೆಗೆ ಪಿಸ್ತೂಲು ಹಿಡಿಯುವುದು ಮಕ್ಕಳು ನೋಡಬಹುದು, ಮುತ್ತು ನೋಡಬಾರದು. ಇರಲಿ.

'ಹನು-ಮಾನ್' ಇದಕ್ಕಿಂತ ಬಹಳ ಕಡಿಮೆ ದುಡ್ಡಿನ ಸಿನಿಮಾ, ಅದು ಪರದೆಯ ಮೇಲೆ ಕಾಣುತ್ತದೆ ಕೂಡ. ಆದರೆ ಅಂಜನಾದ್ರಿ ಅನ್ನುವ ಊರನ್ನು ಕಟ್ಟಿದ್ದಾರೆ ನೋಡಿ, ಅದು ಊರು ಅನ್ನಿಸುತ್ತದೆ. ಊರಿನ ಗೌಡಿಕೆ, ಕಬಡ್ಡಿ ಕುಸ್ತಿ, ಅಕ್ಕನ ಕಾಟ, ಎಲ್ಲ ನಮ್ಮ ಕಡೆಯ ಯಾವ ಹಳ್ಳಿಯಲ್ಲಿ ಬೇಕಾದರೂ ನಡೆಯುವಂಥದ್ದು. ತೇಜ ಸಜ್ಜಾ ಹೀರೋ ಅನ್ನುವುದಕ್ಕಿಂತ ಕಿತಾಪತಿ ತಮ್ಮ. ಅಕ್ಕನ ಪಾತ್ರದ ವರಲಕ್ಷ್ಮಿ ಶರತ್‌ಕುಮಾರ್ ನಿಂತ ನಿಲುವಿಗೇ ಅರ್ಧ ಮಾರ್ಕ್ಸ್. ಖಳನಾಯಕ ಮೈಕೆಲ್‌ನ ಐಡಿಯಾ ಭಯಂಕರವಾಗಿದೆ: ಸೂಪರ್‌ಹೀರೋಗಳಿಗೆ ಅಪ್ಪ ಅಮ್ಮ ಇರಲ್ಲ ಅಂತ ಚಿಕ್ಕಂದಿನಲ್ಲೇ ತನ್ನ ಅಪ್ಪ ಅಮ್ಮನನ್ನು ಮುಗಿಸಿದವನು. ಇಷ್ಟು ಒಳ್ಳೆಯ ಶುರುವಾತನ್ನು ಕೈಯಲ್ಲಿಟ್ಟುಕೊಂಡು ಆಮೇಲೆ ಅವನಿಗೆ ಕಪ್ಪು ಸೂಟು ಹಾಕಿ ನಿಲ್ಲಿಸಿಬಿಟ್ಟರು, ಅದೇ ಬೇಜಾರು. ಉದ್ದ ಎರಡೂ ಮುಕ್ಕಾಲು ಗಂಟೆಯ ಹತ್ತಿರ, ಅರ್ಧ ಗಂಟೆ ಆರಾಮಾಗಿ ಕತ್ತರಿಸಬಹುದಿತ್ತು.

ಮನೆಯಲ್ಲಿ ಮುತ್ಯಾ, ಅವ್ವ ಎಲ್ಲ ಕೂತು ನೋಡುವುದಾದರೆ 'ಹನು-ಮಾನ್'. ಕೊನೆಗೆ ಕೈ ಮುಗಿಯುವ ದೃಶ್ಯವೂ ಇದೆ, ಅವರಿಗೆ ತೃಪ್ತಿ. ನೀವೊಬ್ಬರೇ ನೋಡುವುದಾದರೆ ಎರಡನೇ ಮಾತಿಲ್ಲ, 'ಸೂಪರ್‌ಮ್ಯಾನ್'.

ಭಾಷೆಯ ಗೋಳು

ಬೆಂಗಳೂರಿನವರಿಗೆ ಅಷ್ಟು ಗೊತ್ತಾಗದ ಒಂದು ವಿಷಯ ಇದು. ಇಲ್ಲಿ ಯಾವ ಸಿನಿಮಾ ಅನ್ನುವುದಕ್ಕಿಂತ ಮೊದಲು ಯಾವ ಭಾಷೆಯ ಶೋ ಅನ್ನುವ ಪ್ರಶ್ನೆ ಬರುತ್ತದೆ. ಕಲಬುರಗಿ ಪೇಟೆಯಲ್ಲಿ ದಖ್ಖನಿ ಉರ್ದು ಕೇಳುತ್ತಾ ಬೆಳೆದವರಿಗೆ ಹಿಂದಿ ಡಬ್ ಸಲೀಸು. ಸೇಡಂ, ಚಿಂಚೋಳಿ ಕಡೆಯವರಿಗೆ ತೆಲುಗು ಸರಾಗ. ಆಳಂದ ಕಡೆ ಮರಾಠಿ ಮಾತಾಡುವವರಿದ್ದಾರೆ, ಅವರೂ ಹಿಂದಿಗೆ ಸೈ. ಬರೀ ಕನ್ನಡ ಗೊತ್ತಿರುವ ನಮ್ಮ ಅವ್ವನಂಥವರು ಏನು ಮಾಡಬೇಕು? 'ಸೂಪರ್‌ಮ್ಯಾನ್', 'ಫೆಂಟಾಸ್ಟಿಕ್ ಫೋರ್' ಎರಡೂ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂದವು. ಕನ್ನಡದಲ್ಲಿ ಇಲ್ಲ. 2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಬಂದಾಗಲೂ ಇದೇ ಕತೆ.

ಡಬ್ಬಿಂಗ್ ಬೇಡ ಅನ್ನುವ ಹಳೆಯ ಹೋರಾಟಕ್ಕೆ ಆ ಕಾಲದಲ್ಲಿ ಅದರದ್ದೇ ಕಾರಣಗಳಿದ್ದವು, ಅದನ್ನು ಅಲ್ಲಗಳೆಯಲ್ಲ. ಆದರೆ ನಮ್ಮ ಭಾಗದಲ್ಲಿ ಅದರಿಂದ ಆಗಿದ್ದೇನು ಅಂದರೆ, ಜನ ಕನ್ನಡ ಸಿನಿಮಾ ಜಾಸ್ತಿ ನೋಡಲಿಲ್ಲ, ಹಿಂದಿ ತೆಲುಗು ಡಬ್ ನೋಡಿ ಬೆಳೆದರು. 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿ ಬರದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದವರಿಗೆ ದಂಡ ಹಾಕಿದ ಮೇಲೆ ದಾರಿ ತೆರೆಯಿತು. 2022ರ ಡಿಸೆಂಬರ್‌ನಲ್ಲಿ 'ಅವತಾರ್: ದಿ ವೇ ಆಫ್ ವಾಟರ್' ಕನ್ನಡದಲ್ಲೂ ಬಂತು. 2023ರಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. ಅಂದರೆ ಮನಸ್ಸಿದ್ದರೆ ಆಗುತ್ತದೆ. ಅದಿಲ್ಲದ ಕಡೆ ನನ್ನ ಸಲಹೆ: ತಮಾಷೆ ಜಾಸ್ತಿ ಇರುವ ಸಿನಿಮಾಕ್ಕೆ ಹಿಂದಿ, ಮಾತು ತೂಕದ್ದಾಗಿರುವ ಸಿನಿಮಾಕ್ಕೆ ಇಂಗ್ಲಿಷ್ ಮತ್ತು ಕೆಳಗಿನ ಅಕ್ಷರ, ತೆಲುಗು ಸಿನಿಮಾಕ್ಕೆ ತೆಲುಗೇ. 'ಹನು-ಮಾನ್'ನ ಕೋತಿಗೆ ತೆಲುಗಿನಲ್ಲಿ ರವಿತೇಜ ದನಿ ಕೊಟ್ಟಿದ್ದಾರೆ, ಆ ಕೀಟಲೆ ಬೇರೆ ಭಾಷೆಯಲ್ಲಿ ಅಷ್ಟು ಹತ್ತಲ್ಲ.

ಹೊಟ್ಟೆಯೊಳಗಿನ ಮಗುವಿಗೆ ಕಾವಲು

ಮಾರ್ವೆಲ್ ಕಂಪನಿಯ 'ದಿ ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' 2025ರ ಜುಲೈನದು. 'ಕಲ್ಕಿ 2898 ಎಡಿ' 2024ರ ಜೂನ್‌ನದು. ಒಂದು 1960ರ ದಶಕದ ತರ ಕಾಣುವ ಬೇರೆ ಭೂಮಿಯಲ್ಲಿ, ಇನ್ನೊಂದು ಎಂಟುನೂರು ಚಿಲ್ಲರೆ ವರ್ಷ ಮುಂದಿನ ಕಾಶಿಯಲ್ಲಿ. ಆದರೆ ಎರಡರಲ್ಲೂ ನಡು ಗುಟ್ಟು ಒಂದೇ. ಒಬ್ಬ ಬಸುರಿ, ಅವಳ ಮಗು ಬೇಕು ಅಂತ ಬೆನ್ನು ಬಿದ್ದ ದೊಡ್ಡ ಶಕ್ತಿ.

ಇದರಲ್ಲಿ 'ಕಲ್ಕಿ'ಯ ಐಡಿಯಾಕ್ಕೆ ಸಾಟಿಯೇ ಇಲ್ಲ. ಮಹಾಭಾರತದ ಕೊನೆಗೆ ಉತ್ತರೆಯ ಗರ್ಭದ ಮೇಲೆ ಅಸ್ತ್ರ ಬಿಟ್ಟವನು ಅಶ್ವತ್ಥಾಮ. ಅದಕ್ಕೇ ಕೃಷ್ಣನ ಶಾಪ, ಸಾವಿಲ್ಲದ ಬಾಳು, ಹಣೆಯ ಮೇಲೆ ಆರದ ಗಾಯ. ಈಗ ಅವನೇ ಇನ್ನೊಂದು ಗರ್ಭಕ್ಕೆ ಕಾವಲು ನಿಲ್ಲಬೇಕು. ಹೊಸದಾಗಿ ಏನೂ ಹೇಳಿಕೊಡಬೇಕಾಗಿಲ್ಲ, ಪುರಾಣ ಕೇಳಿ ಬೆಳೆದ ಯಾವ ಅಜ್ಜಿಗಾದರೂ ತಟ್ಟನೆ ಹೊಳೆಯುತ್ತದೆ. ಎಂಬತ್ತು ದಾಟಿದ ಅಮಿತಾಭ್ ಬಚ್ಚನ್ ಅಶ್ವತ್ಥಾಮನಾಗಿ ಎದ್ದು ನಿಂತರೆ ಪರದೆ ತುಂಬುತ್ತದೆ. ತೊಂದರೆ ಏನಂದರೆ, ಈ ಕತೆ ಶುರುವಾಗಲು ಬಹಳ ಹೊತ್ತು ಹಿಡಿಯುತ್ತದೆ. ಮೂರು ಗಂಟೆಯ ಸಿನಿಮಾದಲ್ಲಿ ಮೊದಲರ್ಧ ಪ್ರಭಾಸ್ ಕಾರಿನ ಜೊತೆ ಮಾತಾಡುತ್ತಾ, ಬಾಡಿಗೆ ಕಟ್ಟದೆ ತಪ್ಪಿಸಿಕೊಳ್ಳುತ್ತಾ, ಬಂದು ಹೋಗುವ ಅತಿಥಿ ನಟರಿಗೆ ಸಲಾಮ್ ಹೊಡೆಯುತ್ತಾ ಕಳೆಯುತ್ತಾರೆ.

'ಫೆಂಟಾಸ್ಟಿಕ್ ಫೋರ್' ಇದಕ್ಕೆ ತದ್ವಿರುದ್ಧ. ಎರಡು ಗಂಟೆಯೊಳಗೆ ಮುಗಿಯುತ್ತದೆ. ನಾಲ್ವರಿಗೆ ಶಕ್ತಿ ಹೇಗೆ ಬಂತು ಅನ್ನುವುದನ್ನು ಒಂದು ಟಿವಿ ಕಾರ್ಯಕ್ರಮದ ನೆಪದಲ್ಲಿ ಸರಸರ ಹೇಳಿ ಮುಗಿಸುತ್ತಾರೆ. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಬಂದು, ಮಗುವನ್ನು ಕೊಡಿ, ಭೂಮಿ ಬಿಡುತ್ತೇನೆ ಅನ್ನುತ್ತಾನೆ. ಕೊಡಲ್ಲ ಅಂತ ಇವರು ವಾಪಸ್ ಬಂದು ಹೇಳಿದಾಗ, ನಿನ್ನೆತನಕ ಹೂಹಾರ ಹಾಕುತ್ತಿದ್ದ ಜನ ಮನೆ ಮುಂದೆ ಬಂದು ಕೂಗುತ್ತಾರೆ. ಈ ತಿರುವು ನನಗೆ ಬಹಳ ಇಷ್ಟವಾಯಿತು. ಒಂದು ಮಗುವಾ, ಇಡೀ ಜಗತ್ತಾ? ತಾಯಿ ಸೂ ಜನರ ನಡುವೆ ಮಗುವನ್ನು ಎತ್ತಿಕೊಂಡು ಹೋಗಿ ನಿಂತು ಮಾತಾಡುವಾಗ, ನನ್ನ ಪ್ರಶ್ನೆಗೆ ಬೇಕಾದ ಮುಖ ಸಿಕ್ಕಿಬಿಟ್ಟಿತು. ಕಲ್ಲಿನ ಮೈಯ ಬೆನ್ ಮಾತ್ರ ಪಾಪ, ಅವನಿಗೆ ಕೆಲಸವೇ ಇಲ್ಲ.

ಒಂದೇ ಆರಿಸಿ ಅಂದರೆ 'ಫೆಂಟಾಸ್ಟಿಕ್ ಫೋರ್'. 'ಕಲ್ಕಿ'ಯನ್ನು ಮನೆಯಲ್ಲಿ ನೋಡಿ, ಮೊದಲರ್ಧದಲ್ಲಿ ರಿಮೋಟ್ ಕೈಯಲ್ಲಿರಲಿ, ಆದರೆ ಅಶ್ವತ್ಥಾಮ ಬಂದ ಮೇಲೆ ಕೆಳಗಿಡಿ.

ಮಾರ್ವೆಲ್‌ನ ಉಳಿದ ಮೂರು

'ಕ್ಯಾಪ್ಟನ್ ಅಮೆರಿಕಾ: ಬ್ರೇವ್ ನ್ಯೂ ವರ್ಲ್ಡ್' ಬಿಡಿ. ಹ್ಯಾರಿಸನ್ ಫೋರ್ಡ್ ಕೆಂಪು ಹಲ್ಕ್ ಆಗುವುದೇ ಅದರ ದೊಡ್ಡ ಗುಟ್ಟು, ಅದನ್ನು ಟ್ರೇಲರ್‌ನಲ್ಲೇ ತೋರಿಸಿಬಿಟ್ಟರು. ಯಾರು ಉಳಿದರು, ಯಾರಿಗಾಗಿ ಹೊಡೆದಾಡಿದರು, ಒಂದೂ ನೆನಪಿಲ್ಲ.

'ಡೆಡ್‌ಪೂಲ್ ಅಂಡ್ ವೂಲ್ವರಿನ್' ನಗಿಸುತ್ತದೆ, ಸುಳ್ಳು ಹೇಳಲ್ಲ. ಆದರೆ ಅದು ಎ ಸರ್ಟಿಫಿಕೇಟ್ ಸಿನಿಮಾ. ಹಳದಿ ಡ್ರೆಸ್ ಕೆಂಪು ಡ್ರೆಸ್ ನೋಡಿ ಮಕ್ಕಳ ಸಿನಿಮಾ ಅಂದುಕೊಂಡು ಮನೆಯಲ್ಲಿ ಎಲ್ಲರ ಮುಂದೆ ಹಾಕಿದರೆ ಹತ್ತು ನಿಮಿಷದಲ್ಲಿ ಟಿವಿ ಆಫ್ ಮಾಡಬೇಕಾಗುತ್ತದೆ. ಮೇಲಾಗಿ ಹಳೆಯ ಎಕ್ಸ್‌ಮೆನ್ ಸಿನಿಮಾಗಳು, 2017ರ 'ಲೋಗನ್', ಒಂದೆರಡು ವೆಬ್ ಸರಣಿ ಎಲ್ಲ ನೋಡಿರಬೇಕು. ಇಷ್ಟು ಹೋಮ್‌ವರ್ಕ್ ಮಾಡುವ ತಾಳ್ಮೆ ಇದ್ದವರಿಗೆ ಮಾತ್ರ.

ಮೂರರಲ್ಲಿ ನಿಜವಾಗಿ ನೋಡಬೇಕಾದದ್ದು 2025ರ ಮೇನಲ್ಲಿ ಬಂದ 'ಥಂಡರ್‌ಬೋಲ್ಟ್ಸ್'. ಹೆಸರಾಂತ ಹೀರೋ ಒಬ್ಬರೂ ಇಲ್ಲ, ಎಲ್ಲ ಎಲ್ಲೋ ಸೋತು ಬಂದ ಎರಡನೇ ಸಾಲಿನವರು. ಶತ್ರು ಕೂಡ ಹೊರಗಿನವನಲ್ಲ. ಬಾಬ್ ಅನ್ನುವ ಹುಡುಗನೊಳಗಿನ ಕತ್ತಲೆ ಹೊರಗೆ ಬಂದು ನ್ಯೂಯಾರ್ಕಿನ ಜನರನ್ನು ಒಬ್ಬೊಬ್ಬರಾಗಿ ನೆರಳಾಗಿಸುತ್ತದೆ. ಖಿನ್ನತೆಯ ಬಗ್ಗೆ ಭಾಷಣ ಬಿಗಿಯದೆ, ಹೊಡೆದಾಟದ ಸಿನಿಮಾದೊಳಗೇ ಇದನ್ನು ಕೂರಿಸಿದ್ದಾರೆ. ಫ್ಲಾರೆನ್ಸ್ ಪ್ಯೂ ಅವರ ಯೆಲೆನಾ "ನನಗೆ ಯಾವುದರಲ್ಲೂ ಮನಸ್ಸಿಲ್ಲ" ಅನ್ನುವ ಮುಖ ಹಾಕಿಕೊಂಡೇ ಗೋಪುರದ ತುದಿಯಿಂದ ಜಿಗಿಯುವ ಶುರುವಾತು ಕಣ್ಣಿಗೆ ಕಟ್ಟುತ್ತದೆ. ಕೊನೆಗೆ ಇವರು ಉಳಿಸಬೇಕಾದದ್ದು ಆ ಬಾಬ್‌ನನ್ನೇ, ಗುದ್ದಿ ಅಲ್ಲ. ಮಾರ್ವೆಲ್ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಇದು ಅರ್ಥವಾಗುತ್ತದೆ.

ಯಕ್ಷಿ ಬೇಕಾ, ದರ್ಜಿ ಬೇಕಾ

ಈ ಇಡೀ ಹೋಲಿಕೆಯಲ್ಲಿ ನನಗೆ ಆರಿಸಲು ಕಷ್ಟವಾದದ್ದು ಇದೊಂದೇ ಜೋಡಿ. ಎರಡೂ ಮಲಯಾಳಂ. 2021ರ ಡಿಸೆಂಬರ್ 24ಕ್ಕೆ ನೆಟ್‌ಫ್ಲಿಕ್ಸ್‌ಗೆ ಬಂದ ಬೇಸಿಲ್ ಜೋಸೆಫ್ ಅವರ 'ಮಿನ್ನಲ್ ಮುರಳಿ', 2025ರ ಆಗಸ್ಟ್ 28ಕ್ಕೆ ಥಿಯೇಟರ್‌ಗೆ ಬಂದ ಡೊಮಿನಿಕ್ ಅರುಣ್ ಅವರ 'ಲೋಕಾ ಚಾಪ್ಟರ್ 1: ಚಂದ್ರ'. ಎರಡಕ್ಕೂ ಒಟಿಟಿಯಲ್ಲಿ ಕನ್ನಡದ ಆಡಿಯೋ ಇದೆ, ಆದ್ದರಿಂದ ಮನೆಯವರನ್ನೆಲ್ಲ ಕೂರಿಸಬಹುದು.

'ಲೋಕಾ' ಕೇರಳದ ಕಳ್ಳಿಯಂಕಾಟ್ಟು ನೀಲಿ ಅನ್ನುವ ಯಕ್ಷಿಯ, ಅಂದರೆ ರಕ್ತ ಹೀರುವ ಹೆಣ್ಣು ದೆವ್ವದ ಕತೆಯನ್ನು ಎತ್ತಿಕೊಂಡು ಈಗಿನ ಬೆಂಗಳೂರಿಗೆ ತಂದಿದೆ. ರಾತ್ರಿ ಪಾಳಿಯ ಕೆಲಸ, ಹಗಲು ಕಿಟಕಿ ಪರದೆ ಮುಚ್ಚಿ ನಿದ್ದೆ, ಎದುರು ಫ್ಲ್ಯಾಟಿನಲ್ಲಿ ಕದ್ದು ನೋಡುವ ಮೂವರು ಸೋಮಾರಿ ಹುಡುಗರು. ನಮ್ಮ ಅವ್ವ ನೋಡುತ್ತಾ ನೋಡುತ್ತಾ ಕೇಳಿದ್ದು: "ಅಕಿ ಹಗಲಿ ಯಾಕ ಹೊರಗ ಬರಲ್ಲ?" ನಾನು ಬಾಯಿ ಬಿಡುವ ಮೊದಲೇ ತಾನೇ ಉತ್ತರ ಹೇಳಿದರು, "ಹೌದ್ ಬಿಡು, ದೆವ್ವ ಅಲಾ." ಹಾಲಿವುಡ್ ಹತ್ತು ನಿಮಿಷ ವಿವರಿಸುವುದನ್ನು ನಮ್ಮಲ್ಲಿ ವಿವರಿಸಬೇಕಾಗಿಯೇ ಇಲ್ಲ, ಜನರಿಗೆ ಮೊದಲೇ ಗೊತ್ತಿರುತ್ತದೆ. ಕಲ್ಯಾಣಿ ಪ್ರಿಯದರ್ಶನ್ ಹೊಡೆದಾಟ ನಂಬುವ ಹಾಗಿದೆ, ಬಣ್ಣ ಬೆಳಕು ಅಂತೂ ಎರಡು ಮೂರು ಪಟ್ಟು ದುಡ್ಡಿನ ಸಿನಿಮಾಗಳಿಗೆ ನಾಚಿಕೆ ತರಿಸುವಂತಿದೆ. ನನ್ನ ತಕರಾರು ಎರಡು. ಒಂದು, ದ್ವಿತೀಯಾರ್ಧ ಮುಂದಿನ ಭಾಗಗಳಿಗೆ ಪಾತ್ರಗಳನ್ನು ಪರಿಚಯಿಸುವುದರಲ್ಲೇ ಮುಗಿಯುತ್ತದೆ, ನಡುವೆ ಅಂಗಾಂಗ ಕದಿಯುವವರ ಕತೆ ಅರ್ಧಕ್ಕೆ ನಿಲ್ಲುತ್ತದೆ. ಎರಡು, ಬೆಂಗಳೂರಿನಲ್ಲಿ ನಡೆಯುವ ಕತೆಯಲ್ಲಿ ಕನ್ನಡದವರು ಎಲ್ಲಿ? ಬೆಂಗಳೂರಿನ ಹುಡುಗಿಯರ ಬಗ್ಗೆ ಇದ್ದ ಒಂದು ಮಾತಿಗೆ ಗಲಾಟೆಯಾಗಿ ನಿರ್ಮಾಪಕರು ಕ್ಷಮೆ ಕೇಳಿದರು, ಅದು ಸರಿ. ಆದರೆ ನನ್ನ ಬೇಜಾರು ಆ ಒಂದು ಮಾತಿಗಲ್ಲ. ಊರು ಬರೀ ದೀಪಾಲಂಕಾರವಾಗಿ ಉಳಿದುಬಿಟ್ಟಿತಲ್ಲ ಅಂತ.

'ಮಿನ್ನಲ್ ಮುರಳಿ'ಯಲ್ಲಿ ಊರೇ ಎಲ್ಲ. ಕುರುಕ್ಕನ್‌ಮೂಲ ಅನ್ನುವ ಹಳ್ಳಿ. ಅಮೆರಿಕಾಕ್ಕೆ ಓಡಿಹೋಗುವ ಕನಸಿನ ದರ್ಜಿ ಜೈಸನ್‌ಗೆ ಸಿಡಿಲು ಬಡಿಯುತ್ತದೆ. ಅದೇ ರಾತ್ರಿ ಅದೇ ಸಿಡಿಲು ಚಹಾದಂಗಡಿಯಲ್ಲಿ ಕೆಲಸ ಮಾಡುವ ಶಿಬುವಿಗೂ ಬಡಿಯುತ್ತದೆ. ಊರವರೆಲ್ಲ ಹುಚ್ಚ ಅಂತ ಆಡಿಕೊಳ್ಳುವ ಶಿಬು, ಒಬ್ಬಳನ್ನೇ ವರ್ಷಗಟ್ಟಲೆ ಪ್ರೀತಿಸಿದವನು. ಗುರು ಸೋಮಸುಂದರಂ ಈ ಪಾತ್ರ ಮಾಡಿದ್ದಾರೆ, ನೋಡಬೇಕು. ಅವಳು ಕೊನೆಗೂ ಒಪ್ಪಿದಾಗ ಅವನ ಮುಖದಲ್ಲಿ ನಗುವೂ ಅಳುವೂ ಒಂದಕ್ಕೊಂದು ತಳ್ಳಾಡುತ್ತವೆ, ತುಟಿ ಅದುರುತ್ತದೆ, ಮಾತು ಹೊರಡಲ್ಲ. ಇಷ್ಟು ವರ್ಷಗಳ ಸೂಪರ್‌ಹೀರೋ ಸಿನಿಮಾಗಳಲ್ಲಿ ಖಳನಾಯಕನಿಗಾಗಿ ಗಂಟಲು ಕಟ್ಟಿದ್ದು ನನಗೆ ಇಲ್ಲಿ ಮಾತ್ರ. ಜೈಸನ್ ಆಗಿರುವ ಟೊವಿನೊ ಥಾಮಸ್ ತನ್ನ ಶಕ್ತಿ ಪರೀಕ್ಷಿಸಲು ಅಕ್ಕನ ಮಗನ ಜೊತೆ ಮಾಡುವ ಚೇಷ್ಟೆಗಳು ಬೇರೆ. ಹಾರುವುದಿಲ್ಲ, ನಗರ ಬೀಳುವುದಿಲ್ಲ, ಊರಿನ ಒಬ್ಬೊಬ್ಬರ ಹೆಸರು ಮಾತ್ರ ಬಾಯಿಗೆ ಬರುತ್ತದೆ.

ಹಾಗಾದರೆ ಯಾವುದು? ದೊಡ್ಡ ಪರದೆಯ ಮಜಾ ಬೇಕಿದ್ದವರಿಗೆ 'ಲೋಕಾ', ಮನೆಯಲ್ಲಿ ಕೂತು ಎರಡನೇ ಸಲ ಮೂರನೇ ಸಲ ನೋಡಲು 'ಮಿನ್ನಲ್ ಮುರಳಿ'. ಎರಡರಲ್ಲಿ ಒಂದನ್ನು ಅಳಿಸಿಬಿಡಬೇಕು ಅಂದರೆ ಅಳಿಸುವುದು 'ಲೋಕಾ'. ಇದೇ ಸಾಲಿಗೆ ತೆಲುಗಿನ 'ಮಿರಾಯ್' ಸೇರಿಸಿ ಅಂತ ಗೆಳೆಯರು ಜಗಳ ತೆಗೆಯುತ್ತಾರೆ. ಸಂಪಾತಿ ಹಕ್ಕಿಯ ಭಾಗ ಬಿಟ್ಟರೆ ಅದರಲ್ಲಿ ನನಗೆ ಉಳಿದದ್ದು ಏನೂ ಇಲ್ಲ. ಅಶೋಕನ ಒಂಬತ್ತು ಗ್ರಂಥಗಳ ಹಿಂದೆ ಓಡಿ ಓಡಿ ಸಾಕಾಗುತ್ತದೆ.

ಮಕ್ಕಳಿದ್ದರೆ

2024ರ ನವೆಂಬರ್‌ನಿಂದ ಸೆನ್ಸಾರ್‌ನವರ ಯುಎ ಸರ್ಟಿಫಿಕೇಟ್ ಅನ್ನುವುದನ್ನು ವಯಸ್ಸಿನ ಪ್ರಕಾರ ಮೂರು ಮಾಡಿದ್ದಾರೆ: 7ರ ಮೇಲೆ, 13ರ ಮೇಲೆ, 16ರ ಮೇಲೆ. ಟಿಕೆಟ್ ತೆಗೆಯುವಾಗ ಆ ಸಂಖ್ಯೆ ನೋಡಿ, ಬರೀ ಯುಎ ಅಂತ ಓದಿ ಸುಮ್ನೆ ಕರೆದುಕೊಂಡು ಹೋಗಬೇಡಿ.

'ಮಹಾವತಾರ್ ನರಸಿಂಹ' ಕಾರ್ಟೂನ್ ಅಲ್ವಾ ಅಂತ ಐದಾರು ವರ್ಷದ ಮಕ್ಕಳನ್ನು ಕೂರಿಸುವವರು ಸ್ವಲ್ಪ ತಡೆಯಿರಿ. ಪ್ರಹ್ಲಾದನ ಭಾಗ ಮುದ್ದಾಗಿದೆ, ಆದರೆ ಕಂಬ ಒಡೆದ ಮೇಲಿನ ಕೊನೆಯ ಭಾಗ ದೊಡ್ಡವರಿಗೂ ಮೈ ಜುಮ್ಮೆನ್ನಿಸುವಂಥದ್ದು, ರಕ್ತ ಸಾಕಷ್ಟಿದೆ. ಹತ್ತು ದಾಟಿದವರಿಗೆ ಧಾರಾಳ. ಅನಿಮೇಷನ್ ಕೆಲವು ಕಡೆ ಗೊಂಬೆ ನಡೆದಂತೆ ಬಿಗಿಯಾಗಿದೆ, ಆದರೂ ಅಶ್ವಿನ್ ಕುಮಾರ್ ಅವರ ಈ ಸಾಹಸಕ್ಕೆ ಕನ್ನಡದ ದನಿಯಲ್ಲೇ ನೋಡುವ ಅವಕಾಶ ಇದೆ, ಅದು ದೊಡ್ಡ ಲಾಭ.

'ಕಾಂತಾರ ಚಾಪ್ಟರ್ 1' ಅನ್ನು ಸೂಪರ್‌ಹೀರೋ ಪಟ್ಟಿಗೆ ಸೇರಿಸುವುದು ನನಗೆ ಸರಿ ಕಾಣಲ್ಲ. ಕರಾವಳಿಯವರಿಗೆ ದೈವ ಅಂದರೆ ನಂಬಿಕೆ, ಅದನ್ನು ಕೇಪ್ ಹಾಕಿದವರ ಜೊತೆ ತೂಗುವುದು ಬೇಡ. ಸಾಹಸ ಸಿನಿಮಾ ಅಂತ ನೋಡಿದರೆ ರಥ ಹಿಡಿತ ತಪ್ಪಿ ಪೇಟೆಯಲ್ಲಿ ನುಗ್ಗುವ ದೃಶ್ಯ, ಕಾಡಿನ ಹುಲಿ, ಇವಕ್ಕೆ 2025ರಲ್ಲಿ ಸಮ ಬಂದದ್ದು ಕಮ್ಮಿ. ಮೊದಲರ್ಧದ ತಮಾಷೆ ಎಳೆದಂತಿದೆ. ನಮ್ಮ ಕಡೆಯವರಿಗೆ ಆ ಕನ್ನಡ ಕಿವಿಗೆ ಹತ್ತಲು ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಮಂತ್ರಶಕ್ತಿ ಇಲ್ಲದ ಸಾಹಸ

'ಮಿಷನ್ ಇಂಪಾಸಿಬಲ್: ದಿ ಫೈನಲ್ ರೆಕನಿಂಗ್' 169 ನಿಮಿಷ. ನಮ್ಮಲ್ಲಿ 2025ರ ಮೇ 17ಕ್ಕೆ ಬಂತು, ಅಂದರೆ ನಡು ಬೇಸಿಗೆ. ಹೊರಗಿನ ಧಗೆಗೆ ಎಸಿಯಲ್ಲಿ ಮೂರು ಗಂಟೆ ಕೂರಲು ಸಿಕ್ಕರೆ ಟಿಕೆಟ್ ದುಡ್ಡು ಅಲ್ಲೇ ವಸೂಲಿ. ಮೊದಲ ಒಂದು ಗಂಟೆ ಎಲ್ಲರೂ ಸರದಿಯಲ್ಲಿ ನಿಂತು ಕತೆ ಹೇಳುತ್ತಾರೆ, ಹಳೆಯ ಭಾಗಗಳ ತುಣುಕು ತೋರಿಸುತ್ತಾರೆ, ನಿದ್ದೆ ಬಂದರೆ ನಿಮ್ಮ ತಪ್ಪಲ್ಲ. ಆಮೇಲೆ ಮುಳುಗಿದ ಜಲಾಂತರ್ಗಾಮಿಯೊಳಗೆ ಟಾಮ್ ಕ್ರೂಸ್ ಒಬ್ಬನೇ, ಮಾತೇ ಇಲ್ಲ, ನೀರು ಏರುತ್ತಿದೆ, ಟಾರ್ಪಿಡೋಗಳು ಒಂದರ ಮೇಲೊಂದು ಉರುಳುತ್ತಿವೆ. ಕೊನೆಗೆ ಹಳೆಯ ಎರಡು ರೆಕ್ಕೆಯ ವಿಮಾನದ ಮೇಲೆ ಅವನು ತೂಗಾಡುವುದು. ಗಾಳಿಗೆ ಅವನ ಕೆನ್ನೆಯ ಚರ್ಮ ಹಿಂದಕ್ಕೆ ಸರಿಯುವುದು ಕಾಣುತ್ತದೆ. ಅರವತ್ತು ದಾಟಿದ ಮನುಷ್ಯ ನಿಜವಾಗಿ ನೇತಾಡುತ್ತಿದ್ದಾನೆ ಅಂತ ಗೊತ್ತಿರುವಾಗ, ಹಾರುವ ಹೀರೋಗಳ ಮೇಲಿನ ಭಯಭಕ್ತಿ ಎಲ್ಲ ಇಳಿದುಹೋಗುತ್ತದೆ.

'ಜುರಾಸಿಕ್ ವರ್ಲ್ಡ್: ರೀಬರ್ತ್' ಇದರ ಮುಂದೆ ಸಾಧಾರಣ. ದೋಣಿ ಮುಳುಗಿ ಸಿಕ್ಕಿಬಿದ್ದ ಕುಟುಂಬ ನದಿಯಲ್ಲಿ ಟಿ-ರೆಕ್ಸ್‌ನಿಂದ ತಪ್ಪಿಸಿಕೊಳ್ಳುವ ದೃಶ್ಯ ಒಂದಕ್ಕೆ ನೋಡಬಹುದು. ಅಲ್ಲಿ ಉಳಿಯಬೇಕಾದ ಮಗುವಿನ ಮುಖ ಇದೆ, ಅದಕ್ಕೇ ಆ ದೃಶ್ಯ ಕೆಲಸ ಮಾಡುತ್ತದೆ. ಉಳಿದಂತೆ ಸಿರಿಂಜ್ ಹಿಡಿದು ಡೈನೋಸಾರ್ ರಕ್ತ ತೆಗೆಯುವವರ ಗೋಳು ಯಾರಿಗೆ ಬೇಕು.

ಇವೆರಡರ ಬದಲು ಕನ್ನಡದ್ದೇ ಬೇಕು ಅಂದರೆ 2019ರ 'ಅವನೇ ಶ್ರೀಮನ್ನಾರಾಯಣ' ಇನ್ನೊಂದು ಸಲ ಹಾಕಿ. ನಾಟಕ ಕಂಪನಿಯವರು ಬಚ್ಚಿಟ್ಟ ನಿಧಿ, ಡಕಾಯಿತರ ಕೋಟೆ, ಅಮರಾವತಿ ಅನ್ನುವ ಇಲ್ಲದ ಊರು, ರಕ್ಷಿತ್ ಶೆಟ್ಟಿಯ ಕೋಡಂಗಿ ಪೊಲೀಸ್. ಮೂರು ಗಂಟೆ ದಾಟುವುದೇ ಅದರ ರೋಗ. ಆದರೆ ನಿಧಿಯ ಸುಳಿವನ್ನು ನಾಟಕದವರ ಸಾಮಾನಿನಲ್ಲಿ ಹುಡುಕುವ ಯೋಚನೆ ನಮ್ಮ ನೆಲದ್ದು, ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆ ಅದು ಬೇಗ ಹತ್ತುತ್ತದೆ.

ದೊಡ್ಡ ಪರದೆಗಾಗಿ ಊರು ಬಿಟ್ಟು ಹೋಗಬೇಕಾ ಅಂತ ಕೇಳುವವರಿದ್ದಾರೆ. ಸೊಲ್ಲಾಪುರ ಹತ್ತಿರ, ನೂರು ಕಿಲೋಮೀಟರ್ ಮೇಲಷ್ಟೇ, ಆದರೆ ಅದಕ್ಕಾಗಿ ಹೋಗುವಷ್ಟು ವ್ಯತ್ಯಾಸ ನನಗೆ ಕಾಣಲ್ಲ. ಹೈದರಾಬಾದ್ ಇನ್ನೂರು ಚಿಲ್ಲರೆ ಕಿಲೋಮೀಟರ್. 'ಅವತಾರ್' ತರದ್ದಕ್ಕೆ, 'ಮಿಷನ್ ಇಂಪಾಸಿಬಲ್'ನ ವಿಮಾನಕ್ಕೆ ಹೋಗಬಹುದು. 'ಥಂಡರ್‌ಬೋಲ್ಟ್ಸ್', 'ಮಿನ್ನಲ್ ಮುರಳಿ'ಗೆ ಟಿವಿ ಧಾರಾಳ ಸಾಕು. ತ್ರೀಡಿಗೆ ಜಾಸ್ತಿ ದುಡ್ಡು ಕೊಡುವುದು 'ಅವತಾರ್' ಒಂದಕ್ಕೆ. ಉಳಿದವುಗಳಲ್ಲಿ ಆ ಗೀರು ಬಿದ್ದ ಕನ್ನಡಕ ಚಿತ್ರವನ್ನು ಮಬ್ಬು ಮಾಡುತ್ತದೆ, ಮೊದಲೇ ಕನ್ನಡಕ ಹಾಕುವವರಿಗಂತೂ ಮೂಗಿನ ಮೇಲೆ ಎರಡೆರಡು.

ಹೆಸರುಗಳ ಪಟ್ಟಿ ಓಡಿದ ಮೇಲೆ ಬರುವ ತುಣುಕುಗಳಿಗೆ ಕಾಯಬೇಕಾ? 'ಥಂಡರ್‌ಬೋಲ್ಟ್ಸ್', 'ಫೆಂಟಾಸ್ಟಿಕ್ ಫೋರ್', 'ಲೋಕಾ' ಮೂರಕ್ಕೂ ಕಾಯಿರಿ, ಮುಂದಿನ ಕತೆಯ ಎಳೆ ಅಲ್ಲೇ ಇದೆ. ಮನೆಯಲ್ಲಿ ನೋಡುವಾಗ ಪಟ್ಟಿ ಶುರುವಾಗುತ್ತಲೇ ಆಪ್ ತಾನಾಗಿ ಬೇರೆ ಸಿನಿಮಾಕ್ಕೆ ಹಾರುತ್ತದೆ, ತಡೆಯಿರಿ. 'ಸೂಪರ್‌ಮ್ಯಾನ್'ನದು ಸುಮ್ನೆ ಒಂದೆರಡು ನಗೆ ತುಣುಕು, ಆದರೆ ಮೊದಲನೆಯದರಲ್ಲಿ ನಾಯಿ ಇದೆ, ಮಕ್ಕಳು ಏಳಲು ಬಿಡಲ್ಲ. 'ಕ್ಯಾಪ್ಟನ್ ಅಮೆರಿಕಾ'ದ್ದು ಕಾದವರಿಗೆ ಬೈಗುಳ ಬರುವಂಥದ್ದು, ಅದರಲ್ಲಿ ಹೇಳುವ ಸುದ್ದಿ ಮಾರ್ವೆಲ್ ನೋಡುವ ಯಾರಿಗೂ ಹೊಸದಲ್ಲ.